ಅಂಗೈಯಗಲ ಜಾಗ

ಗಿರಾಕಿಯ ಕಾಲುಚೀಲಕ್ಕೆ ಹೆಬ್ಬೆರಳ ತುದಿಯಲ್ಲಿ ತೂತಾಗಿತ್ತು. ಬೂಟು ಬಿಚ್ಚಿದ ಮೇಲೇ ಅದು ಕಣ್ಣಿಗೆ ಬಿದ್ದು, ಆ ದಪ್ಪ ಮನುಷ್ಯ ನಾಚಿ ಬೆರಳನ್ನು ಒಳಕ್ಕೆ ಮಡಚಿಕೊಂಡ. ಮಡಚಿದ ಕಾಲಿನ ಅಳತೆ ಸರಿಯಾಗಿ ಸಿಗುವುದಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳದೆ, ಅಳತೆ ತೆಗೆಯಲು ಕೂತಿದ್ದ ಅವನು ಪಕ್ಕದ ಡಬ್ಬಿಯ ಮುಚ್ಚಳ ತೆಗೆದು ಹಾಕುತ್ತ, ಆ ಬೆರಳು ತಾನಾಗಿ ಧೈರ್ಯ ತಂದುಕೊಳ್ಳಲಿ ಎಂದು ಕಾದ. ಚಪ್ಪಲಿ ಅಂಗಡಿಯಲ್ಲಿ ಅರ್ಧ ಆಯುಸ್ಸು ಕಳೆದ ಮೇಲೆ ಅವನಿಗೆ ಗೊತ್ತಾಗಿದ್ದ ಒಂದು ಸಂಗತಿಯೆಂದರೆ, ಜನ ಮುಖ ತೋರಿಸಲು ಅಂಜುವುದಿಲ್ಲ, ಕಾಲು ತೋರಿಸಲು ಅಂಜುತ್ತಾರೆ. ಮೊದಲಾಗಿದ್ದರೆ ಅವನು ಒಂದು ಮಂಡಿಯೂರಿ, ಹಿಂದಿನ ಕಾಲನ್ನು ನೆಲಕ್ಕೆ ಮಲಗಿಸಿ ಕೂತು, ಗಿರಾಕಿಯ ಹಿಮ್ಮಡಿಯನ್ನು ಅಂಗೈಯಲ್ಲಿ ತೆಗೆದುಕೊಂಡುಬಿಡುತ್ತಿದ್ದ. ಹಾಗೆ ಹಿಡಿದರೆ ಎಂಥ ಸಂಕೋಚದ ಕಾಲೂ ಸಡಿಲವಾಗುತ್ತಿತ್ತು. ಈಗ ಮಂಡಿಯೂರುವ ಹಾಗಿಲ್ಲ. ಮಂಡಿಯೂರಿದರೆ ಬಲಪಾದದ ಮೇಲ್ಭಾಗ ನೆಲಕ್ಕೆ ತಾಗುತ್ತದೆ. ಆದ್ದರಿಂದ ಗಿಡ್ಡ ಸ್ಟೂಲಿನ ಮೇಲೆ ಕೂತು, ಬಲಗಾಲನ್ನು ತನ್ನದಲ್ಲವೇನೋ ಎಂಬಂತೆ ಪಕ್ಕಕ್ಕೆ ಚಾಚಿ, ಸೊಂಟ ಬಗ್ಗಿಸಿ, ದೂರದಿಂದ ಕೈ ನೀಡಿ ಬೂಟು ತೊಡಿಸಬೇಕು. ಗಿರಾಕಿ ಅವನ ಚಾಚಿದ ಕಾಲನ್ನೇ ನೋಡುತ್ತಿದ್ದ. ಆ ಕಾಲಿನ ಬೂಟಿಗೆ ನಾಲಿಗೆ ಇರಲಿಲ್ಲ. ಮೇಲಿನ ತೊಗಲನ್ನೂ ಬ್ಲೇಡಿನಲ್ಲಿ ಕೊಯ್ದು, ಪಾದದ ಮೇಲೆ ಕಿಟಕಿಯಂತೆ ತೆರೆದಿಟ್ಟಿತ್ತು. ಊರಿಗೆಲ್ಲ ಬೂಟು ತೊಡಿಸುವವನ ಕಾಲಲ್ಲಿ ಹರಿದ ಬೂಟು. ಗಿರಾಕಿಯ ಬೆರಳು ಈಗ ಮೆಲ್ಲಗೆ ಬಿಚ್ಚಿಕೊಂಡಿತು. ತನಗಿಂತ ನಾಚಿಕೆಪಡಬೇಕಾದವನು ಒಬ್ಬ ಎದುರಿಗೇ ಕೂತಿದ್ದಾನೆ ಎಂದು ಅದಕ್ಕೆ ಸಮಾಧಾನವಾಗಿರಬೇಕು.

ಮಧ್ಯಾಹ್ನ ರಜೆ ಬೇಕೆಂದು ಅವನು ಬೆಳಿಗ್ಗೆಯೇ ಚಿಕ್ಕ ಯಜಮಾನನಿಗೆ ಹೇಳಿದ್ದ. ಹಳೆಯ ಯಜಮಾನರ ಮಗ ಇವನು. ಚಿಕ್ಕವನಿದ್ದಾಗ ಇದೇ ಅಂಗಡಿಯಲ್ಲಿ ತನ್ನ ಹೆಗಲೇರಿ ಮೇಲಿನ ಶೆಲ್ಫಿನ ಡಬ್ಬಿಗಳನ್ನು ಬೀಳಿಸಿ ನಗುತ್ತಿದ್ದವನು. ಕೆಟ್ಟವನಲ್ಲ. ಕೆಟ್ಟವನಲ್ಲವಾದ್ದರಿಂದಲೇ ಅವನ ಮಾತು ಹೆಚ್ಚು ಚುಚ್ಚುತ್ತಿತ್ತು. ನೀವು ಇನ್ನುಮೇಲೆ ಹಿಂದಿನ ಗೋದಾಮಿನಲ್ಲಿ ಆರಾಮಾಗಿ ಕೂತು ಡಬ್ಬಿ ತೆಗೆದುಕೊಡಿ ಅಂಕಲ್, ಮುಂದೆ ಹುಡುಗರು ನೋಡಿಕೊಳ್ಳುತ್ತಾರೆ, ಎಂದು ಕಳೆದ ವಾರ ಹೇಳಿದ್ದ. ಹೇಳಿ, ಅವನ ಕಾಲಿನ ಕಡೆ ಒಮ್ಮೆ ನೋಡಿ, ಮೇಲೆ ನೋಡಿದರೆ ಏನೂ ಕಾಣುವುದಿಲ್ಲವಲ್ಲ ಎಂದು ಪ್ರೀತಿಯಿಂದಲೇ ಸೇರಿಸಿದ್ದ. ನಿಜ, ಮೇಲೆ ಏನೂ ಕಾಣುತ್ತಿರಲಿಲ್ಲ. ಅದೇ ಆಗಿದ್ದು ಫಜೀತಿ. ಎರಡು ವರ್ಷದ ಹಿಂದೆ, ಕಿಟಕಿಯಲ್ಲಿ ಹೊಸ ಮಾಲು ಜೋಡಿಸುವಾಗ, ದಪ್ಪ ಗಾಜಿನ ಹಲಗೆಯೊಂದು ಕೊಕ್ಕೆಯಿಂದ ಜಾರಿ ಅಂಚು ಕೆಳಗಾಗಿ ಅವನ ಪಾದದ ಮೇಲೆ ಬಿದ್ದಿತ್ತು. ರಕ್ತ ಹರಿಯಿತು, ಹೊಲಿಗೆ ಬಿತ್ತು, ಗಾಯ ಒಣಗಿ ಒಂದು ಬಿಳಿ ಗೆರೆಯಾಯಿತು. ಎಲ್ಲ ಮುಗಿಯಿತು ಎನ್ನುವಾಗ ಶುರುವಾಯಿತು. ಬೆರಳುಗಳಿಂದ ಹಿಂದಕ್ಕೆ, ಕಣಕಾಲಿನಿಂದ ಮುಂದಕ್ಕೆ, ಅಂಗೈಯಗಲ ಜಾಗ. ಅಲ್ಲಿ ಕಾಲುಚೀಲ ತಾಗಿದರೆ ಉರಿ. ಸ್ನಾನದ ನೀರು ಬಿದ್ದರೆ ಸೂಜಿಗಳ ಮಳೆ. ಫ್ಯಾನಿನ ಗಾಳಿಗೂ ಅದು ಗೊತ್ತಾಗುತ್ತಿತ್ತು. ಬಿಳಿ ಗೆರೆಯ ಒಂದು ತುದಿಯನ್ನಂತೂ ಬೆರಳ ತುದಿಯಿಂದ ಮುಟ್ಟಿದರೂ ಸಾಕು, ಕರೆಂಟು ಹೊಡೆದಂತಾಗಿ, ಅದು ಬೆರಳುಗಳಿಗೂ ಓಡಿ, ಮೇಲೆ ಮೊಣಕಾಲಿಗೂ ಓಡಿ, ಹಲ್ಲು ಕಚ್ಚಿಕೊಳ್ಳುವುದರೊಳಗೆ ಕಣ್ಣಲ್ಲಿ ನೀರು.

ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಇಂಥ ಒಳ್ಳೆಯ ಮೂಳೆ ನನಗೂ ಇಲ್ಲ ಎಂದು ನಕ್ಕಿದ್ದರು. ಇನ್ನೊಬ್ಬರು ಕೊಟ್ಟ ಮಾತ್ರೆ ನುಂಗಿದರೆ ನೋವು ಹಾಗೇ ಇದ್ದು ತಾನು ಮಾತ್ರ ಮಂಕಾಗುತ್ತಿದ್ದ. ಒಬ್ಬ ಗಿರಾಕಿಗೆ ಎರಡೂ ಎಡಗಾಲಿನ ಚಪ್ಪಲಿ ಕಟ್ಟಿಕೊಟ್ಟು ಕಳಿಸಿದ್ದ. ಮೂರನೆಯವರು ಬಹಳ ಸೌಮ್ಯವಾಗಿ, ಮನೆಯಲ್ಲಿ ಏನಾದರೂ ಚಿಂತೆ ಇದೆಯೇ, ಕೆಲಸದ ಮೇಲೆ ಬೇಸರ ಬಂದಿದೆಯೇ ಎಂದು ಕೇಳಿದ್ದರು. ಬಾಮೈದನಂತೂ ಸೌಮ್ಯವಾಗಿಯೂ ಕೇಳಲಿಲ್ಲ. ಕುಟುಂಬದವರೆಲ್ಲ ಕೂತಿದ್ದ ಕಡೆ, ಭಾವನಿಗೆ ವಯಸ್ಸಾಯಿತು, ಇನ್ನು ಜನರ ಕಾಲು ಹಿಡಿಯುವುದು ಸಾಕು ಅನ್ನಿಸಿದೆ, ಅದಕ್ಕೆ ಕಾಲೇ ನೆಪ ಕೊಟ್ಟಿದೆ ಎಂದು ಜೋಕು ಹೊಡೆದ. ಎಲ್ಲರೂ ನಕ್ಕರು. ಅವನೂ ನಕ್ಕ. ಹೆಂಡತಿ ಮಾತ್ರ ನಗದೆ ತಮ್ಮನ ಕೈಯಿಂದ ಟೀ ಲೋಟ ಕಿತ್ತುಕೊಂಡು ಒಳಗೆ ಹೋಗಿದ್ದಳು. ಲೋಟದಲ್ಲಿ ಇನ್ನೂ ಅರ್ಧ ಟೀ ಇತ್ತು.

ಈಗ ಹೊಸ ಡಾಕ್ಟರು. ನರಗಳ ಶಸ್ತ್ರಚಿಕಿತ್ಸೆ ಮಾಡುವವರು. ಇವರನ್ನು ಹುಡುಕಿ ತೆಗೆದವಳು ಹೆಂಡತಿಯೇ; ಅವಳು ಪಾಠ ಮಾಡುವ ಶಾಲೆಯ ಯಾರದೋ ಅಕ್ಕನಿಗೆ ಮೊಣಕೈಯಲ್ಲಿ ಇಂಥದೇ ಆಗಿತ್ತಂತೆ. ಕಳೆದ ಸಲ ಬರೀ ಮಾತಾಡಿ ಕಳಿಸಿದ್ದರು. ಇವತ್ತು ಒಂದು ಇಂಜೆಕ್ಷನ್ ಕೊಟ್ಟು ನೋಡುತ್ತಾರೆ. ನರಕ್ಕೆ ಮೇಲಿನಿಂದಲೇ ಜೋಮು ಹಿಡಿಸುವುದಂತೆ. ಆಗ ನೋವು ಹೋದರೆ ಅದು ಆ ನರದ್ದೇ ಎಂದು ಗೊತ್ತಾಗುತ್ತದೆ. ಹೋಗದಿದ್ದರೆ? ಗಿರಾಕಿಯ ಬೂಟಿನ ದಾರ ಕಟ್ಟುತ್ತ ಅವನು ಯೋಚಿಸುತ್ತಿದ್ದುದು ಅದನ್ನೇ. ಹೋಗದಿದ್ದರೆ ಎಲ್ಲರೂ ಅಂದದ್ದು ನಿಜವಾದಂತೆ. ಕಾಲಿನಲ್ಲಿ ಏನೂ ಇಲ್ಲ, ಇರುವುದೆಲ್ಲ ತಲೆಯಲ್ಲಿ. ಆದರೆ ಬೆಳಗಿನಿಂದ ಅವನನ್ನು ಕಾಡುತ್ತಿದ್ದುದು ಈ ಭಯವೊಂದೇ ಅಲ್ಲ. ನೋವು ಹೋದರೆ ಎಂಬ ಕಡೆಯೂ ಒಂದು ಭಯವಿತ್ತು. ಅದಕ್ಕೆ ಹೆಸರಿರಲಿಲ್ಲ. ಹಿಮ್ಮಡಿ ಬಿಗಿ ಅನ್ನಿಸುತ್ತಾ ಸಾರ್ ಎಂದು ಗಿರಾಕಿಯನ್ನು ಕೇಳಿದ. ಬಿಗಿ ಇಲ್ಲ ಎಂದ ಗಿರಾಕಿ, ಎದ್ದು ಕನ್ನಡಿಯ ಮುಂದೆ ಹೆಜ್ಜೆ ಹಾಕಿದ, ಹೊಸ ಬೂಟಿನ ಕಿರುಗುಟ್ಟುವಿಕೆಗೆ ಮಗುವಿನಂತೆ ಹಿಗ್ಗಿದ.

ಬಸ್ಸಿನಲ್ಲಿ ಅವನು ಯಾವಾಗಲೂ ಗೋಡೆ ಬದಿಯ ಸೀಟು ಹುಡುಕುತ್ತಾನೆ. ಬಲಗಾಲನ್ನು ಎಡಗಾಲಿನ ಹಿಂದೆ ಬಚ್ಚಿಟ್ಟುಕೊಂಡು ಕೂರುತ್ತಾನೆ. ಯಾರೋ ಚೀಲ ಇಳಿಸುವಾಗಲೆಲ್ಲ ಅವನ ಎದೆ ಧಸಕ್ಕೆನ್ನುತ್ತದೆ. ಈ ಉರಿ ಶುರುವಾದ ಮೇಲೆ ಒಮ್ಮೆ, ಹೀಗೇ ಒಂದು ರಜೆಯ ಮಧ್ಯಾಹ್ನ, ಊಟ ಮಾಡಿ ಮಲಗಿದ್ದ. ಹೆಂಡತಿ ಪಕ್ಕದಲ್ಲೇ ಕಾಲು ಚಾಚಿ ಕೂತು ಮಕ್ಕಳ ಗಣಿತದ ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ತಪ್ಪು ಹಾಕುವಾಗ ಅವಳ ಪೆನ್ನು ಮಾಡುವ ಸದ್ದು ಅವನಿಗೆ ನಿದ್ದೆ ಬರಿಸುತ್ತದೆ, ಮೊದಲಿನಿಂದಲೂ. ಗಾಳಿ ಜೋರಾಗಿತ್ತು. ಅವನಿಗೆ ಚಳಿಯಾಗಬಾರದೆಂದು ಅವಳು ಹೊದಿಕೆ ಎಳೆದು ಹೊದಿಸಿದಳು. ಹೊದಿಸಿ, ಕಾಲಿನ ಕಡೆ ಬಗ್ಗಿ, ಅಂಚು ಸರಿಮಾಡಿದಳು. ಹೊದಿಕೆ ಪಾದಕ್ಕೆ ತಾಗಿತು. ಕಣ್ಣು ಬಿಡುವುದಕ್ಕೂ ಮೊದಲೇ ಕಾಲು ಒದ್ದಿತ್ತು. ಹಿಮ್ಮಡಿ ಅವಳ ಬಾಯಿಗೆ ಬಡಿಯಿತು. ಕೆಳತುಟಿ ಒಡೆದು, ಉತ್ತರ ಪತ್ರಿಕೆಯ ಮೇಲೆ ಕೆಂಪು ಹನಿ. ಅವಳು ಮೊದಲು ಮಾಡಿದ್ದು ಆ ಪತ್ರಿಕೆಯನ್ನು ಪಕ್ಕಕ್ಕೆ ಸರಿಸಿದ್ದು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು, ಅವನು ಬಾಯಿ ತೆರೆಯುವ ಮೊದಲೇ, ಏನಿಲ್ಲ, ನೀವು ಮಲಗಿ ಅಂದಳು. ಮಾರನೆಯ ದಿನ ಶಾಲೆಯಲ್ಲಿ ಬೀರುವಿನ ಬಾಗಿಲು ಬಡಿಯಿತೆಂದು ಹೇಳಿದಳಂತೆ. ಯಾರೂ ನಂಬಲಿಲ್ಲ. ಹಿರಿಯ ಟೀಚರೊಬ್ಬರು ಅವಳನ್ನು ಕಿಟಕಿಯ ಬಳಿ ಕರೆದು, ಹೆದರಬೇಡ, ಈಗ ಕಾನೂನು ಹೆಂಗಸರ ಕಡೆಗಿದೆ ಎಂದು ಪಿಸುಗುಟ್ಟಿದರಂತೆ. ಅದನ್ನು ಸಂಜೆ ಮನೆಗೆ ಬಂದು ಹೇಳುತ್ತ ಅವಳು ನಕ್ಕೂ ನಕ್ಕೂ, ಒಡೆದ ತುಟಿ ಮತ್ತೆ ಬಿರಿದು, ಅಯ್ಯೋ ನಗಿಸಬೇಡಿ ಎಂದು ಅವನ ಮೇಲೇ ತಪ್ಪು ಹೊರಿಸಿದಳು. ಅವನಿಗೆ ನಗು ಬರಲಿಲ್ಲ. ಆ ಹಿರಿಯ ಟೀಚರ ಮುಖವನ್ನು ಅವನು ಕಂಡಿರಲಿಲ್ಲ. ಆದರೂ ಅವತ್ತಿನಿಂದ ಆ ಮುಖ ಅವನನ್ನು ಎಲ್ಲಿ ಹೋದರೂ ನೋಡುತ್ತಿತ್ತು. ಅವಳನ್ನು ಕರೆತರಲು ಶಾಲೆಯ ಗೇಟಿಗೆ ಹೋಗುವುದನ್ನು ಬಿಟ್ಟ. ರಾತ್ರಿ ಹಾಸಿಗೆ ಸುತ್ತಿಕೊಂಡು ಹಜಾರಕ್ಕೆ ಬಂದ. ನಿನಗೆ ಮತ್ತೆ ತಾಗಿದರೆ ಕಷ್ಟ ಎಂದ. ಅದು ಸುಳ್ಳೇನಲ್ಲ. ಕಾಲು ತಾನಾಗಿ ಒದೆಯಿತು, ನನಗೆ ಎಚ್ಚರವೇ ಇರಲಿಲ್ಲ. ಇದನ್ನೂ ಎಷ್ಟೋ ಸಲ ಹೇಳಿದ್ದ. ಆದರೆ ಹೇಳುವಾಗಲೆಲ್ಲ ಒಳಗೊಂದು ಸಣ್ಣ ದನಿ, ಪೂರ್ತಿ ಎಚ್ಚರವಿರಲಿಲ್ಲವೇ ಎಂದು ಕೇಳುತ್ತಿತ್ತು. ಉರಿ ಹತ್ತಿದ ಆ ಕ್ಷಣದಲ್ಲಿ ಸಿಟ್ಟೂ ಇರಲಿಲ್ಲವೇ? ನೋವಿಲ್ಲದವರ ಮೇಲೆ, ನೋವಿಲ್ಲದೆ ಕೂತು ಆರಾಮಾಗಿ ಪೆನ್ನು ಓಡಿಸುವವರ ಮೇಲೆ?

ಅವಳು ಆಸ್ಪತ್ರೆಯ ಮೆಟ್ಟಿಲ ಬಳಿ ನಿಂತಿದ್ದಳು, ಬೆರಳುಗಳಲ್ಲಿ ಇನ್ನೂ ಸೀಮೆಸುಣ್ಣದ ಪುಡಿ. ತಡ ಮಾಡಿದಿರಿ ಎನ್ನುವ ಬದಲು, ಊಟ ಮಾಡಿದಿರಾ ಎಂದಳು. ಮಾಡಿದೆ ಎಂದ. ಮಾಡಿಲ್ಲವೆಂದು ಅವಳಿಗೆ ತಿಳಿದು, ಚೀಲದಿಂದ ಬಾಳೆಹಣ್ಣು ತೆಗೆದು ಸುಲಿದೇ ಕೊಟ್ಟಳು. ಅಷ್ಟು ಜನರೆದುರು ಸಣ್ಣ ಹುಡುಗನಂತೆ ತಿಂದ.

ಡಾಕ್ಟರಮ್ಮ ಗಿಡ್ಡಗಿನ, ಬಿರುಸು ನಡಿಗೆಯ ಹೆಂಗಸು. ಅವನ ಕಾಲನ್ನು ಮಂಚದ ಮೇಲಿರಿಸಿ, ಮೊಣಕಾಲಿನ ಕೆಳಗೆ ಹೊರಬದಿಯಿಂದ ಶುರುಮಾಡಿ, ಬಾಗಿಲು ತಟ್ಟುವವರ ಹಾಗೆ ಒಂದೇ ಬೆರಳಿನಿಂದ ತಟ್ಟುತ್ತ ಕೆಳಗಿಳಿದರು. ಬಿಳಿ ಗೆರೆಯ ತುದಿಗೆ ಬಂದಾಗ ಅವನು ಮಂಚದ ಕಬ್ಬಿಣ ಹಿಡಿದುಕೊಂಡ. ಗೊತ್ತಾಯಿತು, ಬಿಟ್ಟೆ ಎಂದು ಅವರು ಕೈ ತೆಗೆದರು. ಯಾರೂ ಇದುವರೆಗೆ ಹಾಗೆ ಅಂದಿರಲಿಲ್ಲ. ಆಮೇಲೆ ಬರೆದುಕೊಳ್ಳುತ್ತ, ತಲೆಯೆತ್ತದೆ, ಹೊದಿಕೆ ತಾಗಿದರೆ ಏನಾಗುತ್ತದೆ ಎಂದು ಕೇಳಿದರು. ಅವನು ಗಂಟಲು ಸರಿಮಾಡಿಕೊಳ್ಳುತ್ತಿದ್ದ.

"ಒದೀತಾರೆ ಡಾಕ್ಟ್ರೇ," ಅಂದಳು ಹೆಂಡತಿ. "ಒಂದ್ಸಲ ನನ್ನ ತುಟಿ ಒಡೀತು. ಆಮೇಲೆ ಒಂದು ವಾರ ಇವರು ಊಟಾನೇ ಸರಿಯಾಗಿ ಮಾಡ್ಲಿಲ್ಲ, ನನ್ನ ಬಾಯಿಗೆ ಪೆಟ್ಟಾಗಿದ್ರೆ ಇವರ ಬಾಯಿ ಮುಚ್ಚಿಹೋಯ್ತು."

ಅಂಗಡಿಯ ಕಿಟಕಿಯಲ್ಲಿ ತನ್ನನ್ನು ಬರಿಗಾಲಲ್ಲಿ ನಿಲ್ಲಿಸಿದಂತೆ ಅವನಿಗಾಯಿತು. ಹೊರಗಿನವರ ಎದುರು ಆ ಮಾತು ಹೊರಬಿದ್ದದ್ದು ಇದೇ ಮೊದಲು. ಡಾಕ್ಟರಮ್ಮ ನಗಲಿಲ್ಲ, ಅಯ್ಯೋ ಎನ್ನಲೂ ಇಲ್ಲ. ಹೂಂ, ಒದೆಯುತ್ತಾರೆ ಎಂದು ಅದನ್ನೂ ಮಳೆ ಬಂತು ಎಂಬಷ್ಟು ಸಹಜವಾಗಿ ಬರೆದುಕೊಂಡರು. ಆಮೇಲೆ ಪೆನ್ನು ಮುಚ್ಚಿ, ಇಬ್ಬರಿಗೂ ಸೇರಿಸಿ ಹೇಳಿದರು:

"ಗಾಜು ಬಿದ್ದಾಗ ಚರ್ಮದ ಜೊತೆ ನರಾನೂ ತುಂಡಾಗಿದೆ. ತುಂಡಾದ ನರ ಸುಮ್ನಿರಲ್ಲ, ಮತ್ತೆ ಬೆಳೆಯೋಕೆ ನೋಡುತ್ತೆ. ದಾರಿ ಸಿಗದೆ ತನ್ನ ಸುತ್ತಲೇ ಸುತ್ಕೊಂಡು ಗಂಟು ಕಟ್ಕೊಳ್ಳುತ್ತೆ. ಅದಕ್ಕೆ ಏನು ತಾಗಿದ್ರೂ ಬೆಂಕಿ ಅನ್ಸುತ್ತೆ. ಬೆಂಕಿ ತಾಗಿದ್ರೆ ಯಾರಾದ್ರೂ ಕಾಲು ಎಳ್ಕೋತಾರೆ."

ಎಳೆದುಕೊಳ್ಳುತ್ತಾರೆ. ಒದೆಯುವುದಿಲ್ಲ, ಎಂದುಕೊಂಡ ಅವನು.

ಇಂಜೆಕ್ಷನ್ನು ಪಾದಕ್ಕಲ್ಲ, ಕಣಕಾಲಿಗಿಂತ ಸಾಕಷ್ಟು ಮೇಲೆ, ಹೊರಬದಿಗೆ ಕೊಟ್ಟರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಪಾದದ ಮೇಲೆ ಯಾರೋ ತಣ್ಣಗೆ ಬಾಗಿಲು ಹಾಕಿಕೊಂಡು ಹೋದಂತೆ. ಡಾಕ್ಟರಮ್ಮ ಬಿಳಿ ಗೆರೆಯ ತುದಿಯನ್ನು ಒತ್ತುತ್ತಿದ್ದರು. ಅದು ಅವನಿಗೆ ಕಂಡಿತೇ ಹೊರತು ಗೊತ್ತಾಗಲಿಲ್ಲ. ಏನು ಮಾಡಬೇಕೆಂದು ತೋಚದೆ ಅವನು ಹೆಂಡತಿಯನ್ನು ನೋಡಿದ. ಅವಳು ಅವನ ಮುಖವನ್ನೇ ಲೆಕ್ಕ ಬಿಡಿಸುವವಳಂತೆ ನೋಡುತ್ತಿದ್ದಳು. ಇದು ಸಂಜೆಯವರೆಗೆ ಮಾತ್ರ, ಅಲ್ಲಿಯವರೆಗೆ ಸುಖಪಡಿ ಎಂದರು ಡಾಕ್ಟರಮ್ಮ.

ಅವರಿಬ್ಬರೂ ಬಸ್ಸು ಹತ್ತದೆ ನಡೆದರು. ನಾಲಿಗೆಯಿಲ್ಲದ ಬೂಟಿನಲ್ಲೇ ಅವನು ಎಷ್ಟು ಬೀಸುನಡಿಗೆ ನಡೆದನೆಂದರೆ ಅವಳು ಎರಡು ಸಲ, ರೀ, ನನಗೂ ಕಾಲಿದೆ ಎಂದು ಹಿಂದಿನಿಂದ ಕೂಗಬೇಕಾಯಿತು. ಬೀದಿಯ ಸಂದಣಿಯಲ್ಲಿ ಯಾರೋ ಅವನ ಪಾದ ತುಳಿದು ಸಾರಿ ಅಂದರು. ಪರವಾಗಿಲ್ಲ, ಇನ್ನೊಮ್ಮೆ ತುಳಿಯಿರಿ ಎಂದುಬಿಟ್ಟ. ಅವಳು ತಲೆ ಕೆಟ್ಟಿತಾ ಎಂದು ಅವನ ತೋಳು ಚಿವುಟಿದಳು. ಉದ್ಯಾನದ ಬೆಂಚಿನ ಮೇಲೆ ಕೂತು ಅವನು ಬೂಟು ಕಳಚಿ ಕಾಲನ್ನು ಗಾಳಿಗೆ ಒಡ್ಡಿದ. ಎಲೆಗಳ ನೆರಳು ಪಾದದ ಮೇಲೆ ಆಡುತ್ತಿತ್ತು. ಅವಳು ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬಗ್ಗಿ, ಆ ಅಂಗೈಯಗಲ ಜಾಗದ ಮೇಲೆ ತನ್ನ ಅಂಗೈಯನ್ನಿಟ್ಟಳು. ಸರಿಯಾಗಿ ಹಿಡಿಸಿತು. ಎರಡು ವರ್ಷವಾಗಿತ್ತು ಅವಳು ಅಲ್ಲಿ ಮುಟ್ಟಿ. ಅವನು ಕಣ್ಣು ಮುಚ್ಚಿ ಕಾದ. ಬೆಚ್ಚಗಿದೆಯೋ ತಣ್ಣಗಿದೆಯೋ, ಸೀಮೆಸುಣ್ಣದ ಒರಟಿದೆಯೋ, ಏನೂ ಗೊತ್ತಾಗಲಿಲ್ಲ. ಕೈ ತೆಗೆದಳೇ ಇನ್ನೂ ಇಟ್ಟಿದ್ದಾಳೆಯೇ ಎಂದು ಕಣ್ಣು ಬಿಟ್ಟೇ ನೋಡಬೇಕಾಯಿತು. ಆಪರೇಶನ್ ಮಾಡಿದರೆ ನೋವಿನ ಬದಲಿಗೆ ಉಳಿಯುವುದು ಇದೇ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಗಂಟನ್ನು ತೆಗೆದುಹಾಕಿ, ನರವನ್ನು ಮೇಲೆ ಕಾಲಿನಲ್ಲೇ ಕತ್ತರಿಸಿ, ಅದರ ತುದಿಯನ್ನು ಮಾಂಸಖಂಡದೊಳಗೆ ಹುದುಗಿಸಿಡುತ್ತಾರೆ. ಅಲ್ಲಿ ಅದಕ್ಕೆ ಬೂಟೂ ತಾಗುವುದಿಲ್ಲ, ಹೊದಿಕೆಯೂ ತಾಗುವುದಿಲ್ಲ. ಪಾದದ ಮೇಲ್ಭಾಗ ಮಾತ್ರ ಹೀಗೇ, ಯಾವತ್ತಿಗೂ ಜೋಮು. ನೋವು ಪೂರ್ತಿ ಹೋಗುತ್ತದೆಂದು ಎಲ್ಲರಿಗೂ ಮಾತು ಕೊಡಲಾಗುವುದಿಲ್ಲ. ಕೆಲವರಿಗೆ ಮರಳಿಯೂ ಬರುತ್ತದೆ.

ಅವತ್ತು ದೀಪ ಹಚ್ಚುವ ಹೊತ್ತಿಗೆ ಅವನಿಗೂ ಮರಳಿ ಬಂತು. ಬಾಡಿಗೆಯವರನ್ನು ಎಬ್ಬಿಸಲು ಬಂದ ಮನೆಯ ಯಜಮಾನನ ಹಾಗೆ, ಮೊದಲು ಹೆಬ್ಬೆರಳ ಬಳಿ ಕೆಮ್ಮಿ, ಆಮೇಲೆ ಒಳಗೆಲ್ಲ ಓಡಾಡಿ, ತನ್ನ ಸಾಮಾನೆಲ್ಲ ಇದ್ದಲ್ಲೇ ಇದೆಯೇ ಎಂದು ನೋಡಿಕೊಂಡಿತು. ಅವಳು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಅವನು ಬಾಗಿಲ ಚೌಕಟ್ಟಿಗೆ ಒರಗಿ, ಆಪರೇಶನ್ ಬೇಡ ಬಿಡು ಎಂದ. ವಯಸ್ಸಾಗಿದೆ, ಗೋದಾಮಿನಲ್ಲಿ ಕೂತರೆ ನಡೆಯುತ್ತದೆ, ಹೇಗೂ ಅಭ್ಯಾಸವಾಗಿಹೋಗಿದೆ. ಮರಳಿ ಬರುವುದಾದರೆ ಯಾಕೆ ಕೊಯ್ಸಿಕೊಳ್ಳಬೇಕು? ಕಾರಣಗಳು ಒಂದರ ಹಿಂದೊಂದು ಸಲೀಸಾಗಿ ಬಂದವು, ಬೆಳಗಿನಿಂದ ಸಾಲುಗಟ್ಟಿ ನಿಂತಿದ್ದವೇನೋ. ಅವಳು ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಅವಳ ಬೆನ್ನಿಗೆ ಮಾತಾಡುವುದು ಸುಲಭವಾಗಿತ್ತು. ಆದ್ದರಿಂದಲೇ ಅವನು ಹೇಳಬೇಕೆಂದಿರದಿದ್ದದ್ದೂ ಬಾಯಿಂದ ಜಾರಿತು. ಈ ನೋವು ಹೋದ ಮೇಲೂ ನಾನು ಹಾಗೇ ಇದ್ದರೆ, ಎಂದ. ಹಾಗೇ ಅಂದರೆ ಎಂದಳು. ಅವತ್ತು ಒದ್ದದ್ದು ಕಾಲೋ ನಾನೋ ನನಗೇ ಗೊತ್ತಿಲ್ಲ ಎಂದ.

ಚಾಕು ನಿಂತಿತು. ಅವಳು ತಿರುಗಿ, ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಂಡಳು. ತರಗತಿಯಲ್ಲಿ ಹಿಂದಿನ ಬೆಂಚಿನವನು ತಪ್ಪು ಉತ್ತರ ಹೇಳಿದಾಗ ಹೀಗೇ ನಿಲ್ಲುತ್ತಾಳೇನೋ ಎಂದು ಅವನಿಗೆ ಅನ್ನಿಸಿತು, ಸಿಟ್ಟಿಲ್ಲ, ಅವಸರವಿಲ್ಲ.

"ಒದ್ದಿದ್ದು ಕಾಲು," ಅಂದಳು. "ನಂಗೆ ಅದರಲ್ಲಿ ಅನುಮಾನಾನೇ ಬಂದಿಲ್ಲ. ಇಲ್ಲ, ಅದ್ರಲ್ಲಿ ಒಂದು ಚೂರು ನೀವೂ ಇದ್ರಿ ಅಂತಾನೇ ಇಟ್ಕೊಳಿ. ನಾನೇನು ನಿಮ್ಮ ಮೇಲೆ ಯಾವತ್ತೂ ರೇಗಿಲ್ವಾ? ಅದು ಬಿಡಿ. ಆಮೇಲೆ ಹಾಸಿಗೆ ಸುತ್ಕೊಂಡು ಹಜಾರಕ್ಕೆ ಹೋದ್ರಲ್ಲ, ನನ್ನ ಮುಖ ನೋಡೋದು ಬಿಟ್ರಲ್ಲ, ಸ್ಕೂಲ್ ಗೇಟಿಗೆ ಬರೋದು ಬಿಟ್ರಲ್ಲ. ಅದನ್ನ ಯಾವ ನರ ಮಾಡಿಸ್ತು ಹೇಳಿ."

ಒಲೆಯ ಮೇಲೆ ನೀರು ಕುದಿದು ಉಕ್ಕಿ ಸುರಿಯಿತು. ಇಬ್ಬರೂ ಒಟ್ಟಿಗೆ ಅದರತ್ತ ಧಾವಿಸಿದರು; ಅವಳ ಸೀರೆಯ ನೆರಿಗೆ ಅವನ ಪಾದಕ್ಕೆ ಸವರಿ, ಅವನು ಹಾ ಎಂದು ಒಲೆಯ ಕಟ್ಟೆ ಹಿಡಿದುಕೊಂಡ, ಅವಳು ಅಲ್ಲೇ ಗಕ್ಕನೆ ನಿಂತಳು. ನೋಡಿದಿರಾ, ಈಗ ಒದೆಯಲಿಲ್ಲ ಎಂದಳು. ಅವನಿಗೆ ಕಣ್ಣೀರಿನ ಜೊತೆಗೇ ನಗು ಬಂತು. ಆ ರಾತ್ರಿ ಊಟದ ನಡುವೆ, ಕಲಸಿದ ಅನ್ನವನ್ನು ನೋಡುತ್ತ, ಡಾಕ್ಟರಮ್ಮನಿಗೆ ಫೋನು ಮಾಡಿ ದಿನ ಕೇಳು ಎಂದ. ನಾನು ಆಗಲೇ ಕೇಳಿಕೊಂಡೇ ಬಂದಿದ್ದೇನೆ ಎಂದಳು.

ಆಪರೇಶನ್ನಿನ ದಿನ ಬೆನ್ನಿಗೆ ಸೂಜಿ ಚುಚ್ಚಿ ಸೊಂಟದಿಂದ ಕೆಳಗೆ ಮರಗಟ್ಟಿಸಿದ್ದರು. ಎಚ್ಚರ ಮಾತ್ರ ಇತ್ತು. ಎದೆಯ ಮೇಲೆ ಅಡ್ಡಲಾಗಿ ಕಟ್ಟಿದ ಹಸಿರು ಬಟ್ಟೆಯ ಆಚೆಗೆ ಅವನ ಕಾಲು ಬೇರೆ ಯಾರದೋ ಸೊತ್ತಿನಂತೆ ಇತ್ತು. ಇಷ್ಟು ವರ್ಷ ತಾನು ಜನರ ಕಾಲುಗಳ ಮುಂದೆ ತಲೆ ಬಗ್ಗಿಸಿ ಕೂತದ್ದು. ಇವತ್ತು ತನ್ನ ಒಂದು ಕಾಲಿನ ಮುಂದೆ ಮೂವರು ತಲೆ ಬಗ್ಗಿಸಿದ್ದಾರೆ ಎಂಬ ಯೋಚನೆ ಬಂದು, ಭಯದ ನಡುವೆಯೂ ಒಂದು ಸಣ್ಣ ಗತ್ತು ಬಂತು. ಡಾಕ್ಟರಮ್ಮ ಜೊತೆಯವರಿಗೆ ಹೇಳುತ್ತಿದ್ದುದು ಕೇಳಿಸುತ್ತಿತ್ತು: ನೋಡು, ಇಲ್ಲಿದೆ, ಮೆತ್ತಗೆ, ಎಳೆಯಬೇಡ. ತನ್ನೊಳಗಿನದನ್ನು ಇಷ್ಟು ಮರ್ಯಾದೆಯಿಂದ ಯಾರಾದರೂ ಹಿಡಿಯಬಹುದೆಂದು ಅವನು ಎಣಿಸಿರಲಿಲ್ಲ. ಕೊನೆಗೆ ಅವರು ಬಟ್ಟೆಯ ಈಚೆ ಬಂದು, ಪುಟ್ಟ ಬಾಟಲಿಯೊಂದನ್ನು ಅವನ ಕಣ್ಣ ಮುಂದೆ ಹಿಡಿದು, ಇದೇ ನಿಮ್ಮ ಗಂಟು, ಪರೀಕ್ಷೆಗೆ ಕಳಿಸುತ್ತೇವೆ ಎಂದರು. ಬಟಾಣಿ ಕಾಳಿಗಿಂತ ಚಿಕ್ಕದು. ಮಾಸಲು ಬಿಳಿ. ಒಂದು ಕಡೆ ಬಾಲದಂತೆ ಎಳೆ. ಅವನಿಗೆ ಎರಡೂ ಒಟ್ಟಿಗೇ ಆಯಿತು: ಇತ್ತಲ್ಲ, ನಿಜವಾಗಿಯೂ ಇತ್ತಲ್ಲ ಎಂಬ ಹಿಗ್ಗು, ಇಷ್ಟಕ್ಕಾಗಿ ಅಷ್ಟೆಲ್ಲ ಆಯಿತೇ ಎಂಬ ನಾಚಿಕೆ. ಅವಳಿಗೆ ತೋರಿಸಿ ಎಂದ. ಹೊರಗೆ ಅವಳ ಜೊತೆ ಬಾಮೈದನೂ ಕೂತಿದ್ದ. ಬೆಳಿಗ್ಗೆಯಿಂದ ಯಾರ ಮುಖವನ್ನೂ ನೋಡದೆ, ಔಷಧಿ ಅಂಗಡಿಗೆ ಬೇಡವೆಂದರೂ ಓಡಾಡುತ್ತಿದ್ದ. ಅವನೂ ಬಾಟಲಿ ನೋಡಿದನಂತೆ. ವಾರ್ಡಿಗೆ ಬಂದಾಗ ಮಂಚದ ಕಾಲ ಬಳಿ ನಿಂತು, ಭಾವ, ಇಷ್ಟೇನಾ ಎಂದ. ಅಕ್ಕ ಅವನತ್ತ ಕಣ್ಣು ಕೆಕ್ಕರಿಸಿದಳು. ಹಾಗಲ್ಲ, ಇಷ್ಟು ಚಿಕ್ಕದು ಇಟ್ಟುಕೊಂಡು ಅಷ್ಟು ದಿನ ಹೇಗೆ ತಡೆದುಕೊಂಡರು ಅಂತ ಎಂದು ಬಾಮೈದ ತಡವರಿಸಿ, ತಾನೇ ಕೆಂಪಾಗಿ, ಸೊಳ್ಳೆಯೇ ಇಲ್ಲದ ಕಡೆ ಸೊಳ್ಳೆ ಓಡಿಸಿದ. ಅವನಿಗೆ ಅಯ್ಯೋ ಪಾಪ ಅನ್ನಿಸಿತು. ಬಂದು ಕೂತುಕೋ ಎಂದು ಮಂಚದ ಅಂಚು ತೋರಿಸಿದ. ಬಾಮೈದ ಕಾಲಿನಿಂದ ಆದಷ್ಟು ದೂರ ಕೂತ.

ನೋವು ಒಂದೇ ದಿನಕ್ಕೆ ಮಾಯವಾಗಲಿಲ್ಲ. ಕೊಯ್ದ ಜಾಗ ನೋಯುತ್ತಿತ್ತು, ಆದರೆ ಅದು ನೋಯುವ ಹಾಗೆ ನೋಯುವ ನೋವು, ಎಲ್ಲರಿಗೂ ಅರ್ಥವಾಗುವಂಥದು. ಕೆಲವೊಮ್ಮೆ ಪಾದದ ಮೇಲೆ ಇರುವೆ ಹರಿದಂತಾಗಿ ಕೆರೆಯಲು ಹೋದರೆ, ಅಲ್ಲಿ ಕೆರೆದದ್ದು ಬೆರಳಿಗೆ ಗೊತ್ತಾಗುತ್ತಿತ್ತೇ ಹೊರತು ಪಾದಕ್ಕಲ್ಲ. ಮೋಡದ ದಿನಗಳಲ್ಲಿ ಮೀನಖಂಡದ ಹೊರಬದಿಯಲ್ಲಿ, ಆಳದಲ್ಲಿ, ಯಾರೋ ಒಮ್ಮೆ ಮಗ್ಗುಲು ಬದಲಿಸಿ ಸುಮ್ಮನಾದಂತೆ ಆಗುತ್ತಿತ್ತು. ಅದು ಅಲ್ಲೇ ಮಲಗಿರಲಿ ಎಂದುಕೊಂಡ. ಹೊಲಿಗೆ ಬಿಚ್ಚಿದ ದಿನ ಹಜಾರದ ಹಾಸಿಗೆಯನ್ನು ಅವಳೇ ಸುತ್ತಿ ಒಳಗೆ ಒಯ್ದಳು. ಅವನು ಮಾತ್ರ ಆ ಮೊದಲ ವಾರವೆಲ್ಲ ಮಂಚದ ಈ ಕಡೆಯ ಅಂಚಿಗೇ, ಬೀಳುವ ಹಾಗೆ ಮಲಗಿದ್ದ. ಅವಳು ಬೆಳಿಗ್ಗೆ ಎದ್ದು, ಮಂಚದ ಅಷ್ಟು ದೊಡ್ಡ ಜಾಗ ಯಾರಿಗೆಂದು ಕಾದಿರಿಸಿದ್ದೀರಿ ಎಂದು ಕೇಳಿದಳು. ನಡೆಯಲು ಬಂದ ಮೇಲೆ ಒಂದು ಸಂಜೆ ಶಾಲೆಯ ಗೇಟಿಗೆ ಹೋದ. ಹಿರಿಯ ಟೀಚರು ಯಾರೆಂದು ಅವನಿಗೆ ಆಗಲೂ ತಿಳಿಯಲಿಲ್ಲ. ಹೊರಗೆ ಬಂದ ಕನ್ನಡಕದ ಹೆಂಗಸರಿಗೆಲ್ಲ ನಮಸ್ಕಾರ ಮಾಡಿದ. ಅವಳು ಬರುವಾಗ ದಾರಿಯುದ್ದಕ್ಕೂ ನಕ್ಕಳು: ನೀವು ನಮಸ್ಕಾರ ಮಾಡಿದ್ದರಲ್ಲಿ ಒಬ್ಬರು ಮಕ್ಕಳ ಬಸ್ಸಿನ ಆಯಾ, ಇನ್ನೊಬ್ಬರು ಯಾವುದೋ ಮಗುವಿನ ಅಜ್ಜಿ.

ಅಂಗಡಿಯಲ್ಲಿ ಚಿಕ್ಕ ಯಜಮಾನ ಅವನಿಗೆ ಹೊಸ ಬೂಟು ಕೊಟ್ಟ. ಕಿಟಕಿಯಿಲ್ಲದ, ನಾಲಿಗೆ ಇರುವ ಬೂಟು. ಅಂದು ಮದುವೆಯ ಗುಂಪೊಂದು ಬಂದು ಅಂಗಡಿ ತುಂಬಿತ್ತು. ಅವನು ಮಂಡಿಯೂರಿದ, ಎದ್ದ, ಮತ್ತೆ ಮಂಡಿಯೂರಿದ. ಒಬ್ಬ ಮುದುಕಿಯ ಊದಿದ ಹಿಮ್ಮಡಿ, ಒಬ್ಬ ಮದುಮಗನ ಬೆವರಿದ ಪಾದ, ಎಲ್ಲವನ್ನೂ ಅಂಗೈಯಲ್ಲಿ ತೆಗೆದುಕೊಂಡ. ಮದುಮಗನಿಗೆ, ಒಂದು ನಂಬರ್ ದೊಡ್ಡದೇ ಇರಲಿ, ಅವತ್ತು ಇಡೀ ದಿನ ನಿಂತಿರಬೇಕಾಗುತ್ತದೆ ಎಂದು ಹೇಳಿ ನಗಿಸಿದ. ಯಾವ ನೋವೂ ಇರಲಿಲ್ಲ. ಇಡೀ ದಿನ ಒಂದೇ ಒಂದು ಸಲವೂ ಕಾಲು ನೆನಪಾಗಲಿಲ್ಲ. ಮನೆಗೆ ಬಂದು ಬೂಟು ಬಿಚ್ಚುವಾಗ ಹೆಂಡತಿಯೇ ಮೊದಲು ನೋಡಿದ್ದು, ಕಾಲುಚೀಲದ ಮೇಲೆ ಕಂದುಬಣ್ಣದ ದೊಡ್ಡ ಕಲೆ, ಬಟ್ಟೆ ಚರ್ಮಕ್ಕೆ ಅಂಟಿಕೊಂಡಿತ್ತು. ಹೊಸ ಬೂಟಿನ ನಾಲಿಗೆಯ ಅಂಚು ಮಂಡಿಯೂರಿದಾಗಲೆಲ್ಲ ಉಜ್ಜಿ ಉಜ್ಜಿ ಪಾದದ ಮೇಲೆ ಚರ್ಮ ಎದ್ದುಹೋಗಿತ್ತು. ಅವನಿಗೆ ತಿಳಿದೇ ಇರಲಿಲ್ಲ. ಅಲ್ಲಿ ಜೋಮು ಇರುತ್ತದೆ, ದಿನಾ ಕಣ್ಣಿಂದ ನೋಡಿಕೊಳ್ಳಬೇಕು ಎಂದು ಡಾಕ್ಟರಮ್ಮ ಆಸ್ಪತ್ರೆಯಿಂದ ಕಳಿಸುವಾಗ ಹೇಳಿದ್ದು ಇಬ್ಬರಿಗೂ ಈಗ ನೆನಪಾಯಿತು.

ಅವಳು ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತಂದು, ನೆಲದ ಮೇಲೆ ಕೂತು, ಅವನ ಪಾದವನ್ನು ತೊಡೆಯ ಮೇಲಿಟ್ಟುಕೊಂಡಳು. ಬೇಡ, ನಾನೇ ಮಾಡಿಕೊಳ್ಳುತ್ತೇನೆ ಎಂದು ಎಳೆದುಕೊಳ್ಳಲು ನೋಡಿದ. ಅವಳು ಹಿಮ್ಮಡಿಯನ್ನು ಬಿಡಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅಂಟಿದ ಬಟ್ಟೆಯನ್ನು ನೀರು ಬಿಟ್ಟು ಬಿಟ್ಟು, ಎಳೆ ಎಳೆಯಾಗಿ ಬಿಡಿಸತೊಡಗಿದಳು. ಅವನಿಗೆ ನೀರೂ ಗೊತ್ತಾಗಲಿಲ್ಲ, ಬೆರಳೂ ಗೊತ್ತಾಗಲಿಲ್ಲ. ಕಾಲಿನ ಕಡೆ ನೋಡಿ ಏನೂ ತಿಳಿಯದೆ ಅವಳ ಮುಖ ನೋಡಿದ. ಅಲ್ಲಿ ಎಲ್ಲ ತಿಳಿಯುತ್ತಿತ್ತು. ಬಟ್ಟೆ ಸಲೀಸಾಗಿ ಬಂದಾಗ ಅವಳ ಹುಬ್ಬು ಸಡಿಲವಾಗುತ್ತಿತ್ತು; ಹಸಿ ಚರ್ಮಕ್ಕೆ ಅಂಟಿದ ಕಡೆ ಅವಳು ಉಸಿರು ಬಿಗಿಹಿಡಿದು, ಹಲ್ಲುಗಳ ನಡುವೆ ಸ್ಸ್ ಎಂದು ಗಾಳಿ ಎಳೆದುಕೊಳ್ಳುತ್ತಿದ್ದಳು. ಔಷಧಿ ಹಚ್ಚುವಾಗಂತೂ ಕಣ್ಣೇ ಮುಚ್ಚಿಕೊಂಡಳು. ಅಷ್ಟು ದಿನ ನೋಡದೆ ತಪ್ಪಿಸಿಕೊಂಡಿದ್ದ ಆ ಮುಖವನ್ನು ಅವನು ಹೀಗೆ ಗೆರೆ ಗೆರೆಯಾಗಿ, ಬಿಡದೆ ನೋಡುತ್ತ ಕೂತ.

"ತುಂಬ ಉರೀತಿದ್ಯಾ?" ಎಂದು ಕೇಳಿದ.

"ಹೂಂ," ಎಂದಳು ಅವಳು, ಕಣ್ಣು ತೆರೆಯದೆ.

"ಇನ್ನು ಸ್ವಲ್ಪ ತಡ್ಕೋ," ಎಂದ ಅವನು. "ಆಗೋಯ್ತು."